ಚಿಕ್ಕಣ್ಣನ ಕೈ

ಬೇಸ್‌ಬಾಲ್ ನನಗೆ ಪೂರ್ತಿ ಅರ್ಥವಾಗಿದೆ ಎಂದು ಹೇಳಿಕೊಳ್ಳುವ ಧೈರ್ಯ ಇವತ್ತಿಗೂ ಇಲ್ಲ. ಆಟದ ಮಧ್ಯೆ ಎಲ್ಲರೂ ಎದ್ದು ಕೂಗಿದಾಗ ನಾನೂ ಎದ್ದು ಕೂಗಿ, ಕೂತ ಮೇಲೆ ಪಕ್ಕದವರನ್ನು ಕಾರಣ ಕೇಳಿದ್ದುಂಟು. ಆದರೂ ಆ ಆಟದಲ್ಲಿ ಒಬ್ಬನಿಗೆ ಮಾತ್ರ ನಾನು ಮನಸಾರೆ ಕೈಮುಗಿದೆ.

ಎಂಬತ್ತರ ದಶಕದ ಆರಂಭ. ನಾವು ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ದಿನಾ ಕೊಲ್ಲಿಯ ಸೇತುವೆ ದಾಟಿ ಪಾಲೋ ಆಲ್ಟೋದ ಆಫೀಸಿಗೆ ಹೋಗಿಬರುತ್ತಿದ್ದೆ. ಸಹೋದ್ಯೋಗಿಯೊಬ್ಬ ತನಗೆ ಬೇಡವಾದ ಆಟದ ಟಿಕೆಟುಗಳನ್ನು ಕೊಟ್ಟ. ನಾನು, ಹೆಂಡತಿ ವಿಮಲಾ, ಮಂಡ್ಯದ ಗೆಳೆಯ ನಂಜೇಗೌಡ ಹೊರಟೆವು. ಜುಲೈ ತಿಂಗಳಾದರೂ ಕೊಲ್ಲಿಯ ಗಾಳಿಗೆ ಹೆದರಿ ವಿಮಲಾ ಸ್ವೆಟರಿನ ಮೇಲೆ ಶಾಲು ಹೊದ್ದು, ಮಡಿಲಲ್ಲಿ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

ಸ್ಥಳೀಯ ತಂಡದಲ್ಲೇ ಕುಳ್ಳಗಿದ್ದವನೊಬ್ಬ ಬ್ಯಾಟು ಹಿಡಿದು ಬಂದ. ಅವನ ಉದ್ದನೆಯ ಇಟಾಲಿಯನ್ ಹೆಸರು ನಮ್ಮ ಯಾರ ಬಾಯಿಗೂ ಬರಲೊಲ್ಲದು. ವಿಮಲಾ ‘ಚಿಕ್ಕಣ್ಣ’ ಎಂದು ನಾಮಕರಣ ಮಾಡಿಬಿಟ್ಟಳು. ಚಿಕ್ಕಣ್ಣನ ಬ್ಯಾಟಿಗೆ ತಾಗಿದ ಚೆಂಡು ಹಿಂದಕ್ಕೆ ಹಾರಿತು.

“ಅಹಹಾ, ಏನ್ ಲೇಟ್ ಕಟ್ಟಯ್ಯ! ಫೋರ್ ಹೋಯ್ತು ಕಣ್ಲಾ!” ಎಂದು ನಂಜೇಗೌಡ ಎದ್ದು ನಿಂತು ಚಪ್ಪಾಳೆ ಹೊಡೆದ. ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು ಹೇಳಿದ ಮೇಲೆ ಇನ್ನೇನು, ನಾವೂ ಹೊಡೆದೆವು. ಸುತ್ತಲಿನವರೆಲ್ಲ ತಿರುಗಿ ನಮ್ಮನ್ನೇ ನೋಡಿದರು. ಈ ಆಟದಲ್ಲಿ ಹಿಂದಕ್ಕೆ ಹೋದ ಚೆಂಡಿಗೆ ಬಿಡಿಗಾಸಿನ ಬೆಲೆಯೂ ಇಲ್ಲ, ಅದು ಫೌಲು ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ತಿಳಿಹೇಳಿದರು. ಅಷ್ಟರಲ್ಲಿ ಚಿಕ್ಕಣ್ಣ ಔಟಾಗಿ ತಲೆತಗ್ಗಿಸಿ ಹೋಗುತ್ತಿದ್ದ. ಆಮೇಲೆ ಗೊತ್ತಾಯಿತು, ಅದು ಅವನ ನಿತ್ಯದ ನಡಿಗೆ.

ಆದರೆ ಅವನು ಗ್ಲೌಸು ತೊಟ್ಟು ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ಬಂದು ನಿಂತಾಗ ಬೇರೆಯೇ ಮನುಷ್ಯ. ಚೆಂಡೊಂದು ಹುಲ್ಲು ಸವರಿಕೊಂಡು ಬಾಣದಂತೆ ಬಂತು. ಇನ್ನೇನು ದಾಟಿಹೋಯಿತು ಅನ್ನುವಾಗ ಅವನು ಅಲ್ಲಿದ್ದ. ಓಡಿದ್ದನ್ನು ನಾನು ನೋಡಲೇ ಇಲ್ಲ. ಬೀಳುತ್ತ ಹಿಡಿದ, ಮೊಣಕಾಲ ಮೇಲಿಂದಲೇ ಎಸೆದ, ಅಷ್ಟು ದೂರದ ಮೊದಲ ಬೇಸಿನವನ ಕೈಗೆ ಚೆಂಡು ಬಂದು ಕೂತಿತು. ವಿಮಲಾಳ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು.

“ರೀ, ಈಗ ಏನಾಯ್ತು?”

“ಓಡ್ತಿದ್ದೋನು ಔಟಾದ.”

“ಅದಲ್ಲಾರೀ, ನಮ್ ಚಿಕ್ಕಣ್ಣ ಏನ್ ಮಾಡ್ದ?”

ನನ್ನ ಮೈಮೇಲಿನ ರೋಮ ಎದ್ದು ನಿಂತಿತ್ತು, ಅದು ಗಾಳಿಗಲ್ಲ.

ಆಮೇಲಿನ ವರ್ಷಗಳಲ್ಲಿ ನಾವು ಅವನಿಗಾಗಿಯೇ ಹೋದೆವು. ಹೋಗಲಾಗದಾಗ ಫ್ರೀವೇ ಮೇಲೆ ಕಾರಿನ ರೇಡಿಯೋ. ಅದರಲ್ಲಿ ಚಿಕ್ಕಣ್ಣ ಸಿಗುವುದೇ ಕಷ್ಟ. ಹೊಡೆದವರನ್ನು ಗಂಟಲು ಹರಿಯುವಂತೆ ವರ್ಣಿಸುವ ಧ್ವನಿ, ಅವನು ತಡೆದದ್ದನ್ನು ‘ಔಟ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿತ್ತು. ಯೋಚಿಸಿದರೆ ನ್ಯಾಯವೇ. ಅವನ ಕೆಲಸವೆಲ್ಲ ಆಗಬೇಕಾದದ್ದನ್ನು ಆಗದಂತೆ ಮಾಡುವುದು. ಆಗದೇ ಹೋದದ್ದನ್ನು ಹೇಗೆ ವರ್ಣಿಸುವುದು? ಸ್ಕೋರ್‌ಬೋರ್ಡಿನಲ್ಲಿ ರನ್ನಿಗೆ ಜಾಗವಿದೆ, ತಪ್ಪಿಗೂ ಜಾಗವಿದೆ, ಇದಕ್ಕೆ ಮಾತ್ರ ಇಲ್ಲ. ಕಾವಲುಗಾರನ ಹೆಸರು ಕೂಡ ಕಳ್ಳತನವಾದ ಮೇಲೇ ತಾನೆ ಬೀದಿಗೆಲ್ಲ ಗೊತ್ತಾಗುವುದು!

ಹೀಗಿರಲು ದಶಕದ ಕೊನೆಗೆ ಭೀಮಕಾಯದ ಹೊಸಬನೊಬ್ಬ ತಂಡಕ್ಕೆ ಬಂದ. ಚೆಂಡು ಹಿಡಿಯುವಲ್ಲಿ ಕೈ ಒರಟು, ಆದರೆ ಹೊಡೆದರೆ ಚೆಂಡು ಕೊಲ್ಲಿಯ ಕಡೆಗೆ. ಚಿಕ್ಕಣ್ಣ ಬೆಂಚಿಗೆ ಹೋದ. ಬ್ಯಾಟು ಮಾತಾಡದಿದ್ದರೆ ಮುಂದಿನ ವರ್ಷ ಅವನಿಗೆ ಜಾಗವಿಲ್ಲವೆಂದು ಪತ್ರಿಕೆಗಳು ಬರೆದವು. ಋತುವಿನ ಕೊನೆಯ ಆಟಕ್ಕೆ ನಾವು ಮೂವರೂ ಹೋದೆವು. ನಮ್ಮ ತಂಡ ಒಂದೇ ರನ್ನಿನಿಂದ ಮುಂದಿತ್ತು. ಹೊಸಬನ ಕಾಲು ಉಳುಕಿ, ಅವನ ಬದಲು ಚಿಕ್ಕಣ್ಣ ಬ್ಯಾಟು ಹಿಡಿದು ಬಂದ. ವಿಮಲಾ ಕಣ್ಣು ಮುಚ್ಚಿಕೊಂಡಳು.

ಚೆಂಡು ಬ್ಯಾಟನ್ನು ಸವರಿ ಹಿಂದಕ್ಕೆ ಹಾರಿತು. ಇಷ್ಟು ವರ್ಷಗಳಲ್ಲಿ ಫೌಲೆಂದರೇನೆಂದು ನಮಗೆ ಚೆನ್ನಾಗಿಯೇ ಗೊತ್ತಾಗಿತ್ತು. ಆದರೂ ನಂಜೇಗೌಡ ಎದ್ದು, “ಫೋರ್ ಕಣ್ಲಾ ಚಿಕ್ಕಣ್ಣ!” ಎಂದು ಚಪ್ಪಾಳೆ ಹೊಡೆದ. ನಾವೂ ಎದ್ದೆವು. ಚಿಕ್ಕಣ್ಣ ತಿರುಗಿ ನಮ್ಮತ್ತ ನೋಡಿ ನಕ್ಕ. ಮರುಚೆಂಡಿಗೇ ಔಟಾದ.

ಎದುರಾಳಿಗಳ ಕೊನೆಯ ಸರದಿಯಲ್ಲಿ ಇಬ್ಬರು ಓಡಲು ಸಿದ್ಧರಾಗಿ ಬೇಸುಗಳ ಮೇಲಿದ್ದರು, ಇನ್ನೊಬ್ಬ ಔಟಾದರೆ ಆಟ ನಮ್ಮದು. ಗುಂಡಿನಂತೆ ಬಂದ ಚೆಂಡು ನೆಲದ ಉಬ್ಬಿಗೆ ತಾಗಿ ಸರಕ್ಕನೆ ದಿಕ್ಕು ಬದಲಿಸಿತು. ಚಿಕ್ಕಣ್ಣನ ಬರಿಗೈ ಅದಕ್ಕೂ ಮೊದಲೇ ಅತ್ತ ಹೋಗಿತ್ತು. ಹಿಡಿದ, ಎಸೆದ, ಆಟ ಮುಗಿಯಿತು. ನಾನು ಎಷ್ಟೋ ದೇವಸ್ಥಾನಗಳಲ್ಲಿ ಸುಮ್ಮನೆ ಕೈಜೋಡಿಸಿದವನು. ಅಲ್ಲಿ ನಿಜವಾಗಿ ಜೋಡಿಸಿದೆ.

ಚಳಿಗಾಲದಲ್ಲಿ ತಂಡ ಅವನನ್ನು ಬಿಟ್ಟಿತು. ಪತ್ರಿಕೆಯ ಮೂಲೆಯ ಸುದ್ದಿಯಲ್ಲಿ ಅವನ ಬ್ಯಾಟಿನ ಬಡತನ ಬಿಟ್ಟು ಬೇರೇನೂ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಓದಿ ಹೇಳುತ್ತ ನಾನು ಕೂಗಾಡಿದೆ. ವಿಮಲಾ ನನ್ನ ಮುಖವನ್ನೇ ನೋಡುತ್ತ ಕಣ್ಣೊರೆಸಿಕೊಂಡಳು. ಅವಳ ಬೆನ್ನ ಹಿಂದೆ ಹಾಲು ಪಾತ್ರೆಯ ಅಂಚಿಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳ ಎಡಗೈ ಹಿಂದಕ್ಕೆ ಹೋಗಿ ಸ್ಟೌವ್ ಆರಿಸಿತು. ಹಾಲು ತೆಪ್ಪಗೆ ಕೆಳಗಿಳಿಯಿತು.

ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

“ಯಾಕ್ರೀ, ಏನಾಯ್ತು?” ಎಂದು ಬೆಚ್ಚಿದಳು.

“ಏನೂ ಆಗ್ಲಿಲ್ಲ,” ಎಂದೆ. “ಅದಕ್ಕೇ.”