ಪ್ಲಗ್ಗಿನ ಬಿಳಿ ಗುರುತು

ಅಫಜಲಪುರದಿಂದ ಜೇವರ್ಗಿಯ ಹೈಸ್ಕೂಲಿಗೆ ನನಗೆ ವರ್ಗವಾಯಿತು. ಸಾಮಾನು ಹೇರುವಾಗ ಲಾರಿಗೆ ಮೊದಲು ಏರಿದ್ದು ಜೋಳದ ಚೀಲಗಳು, ಕೊನೆಗೆ ಏರಿದ್ದು ಟಿ.ವಿ. ಅದನ್ನು ಎರಡು ಗಾದಿಗಳ ನಡುವೆ ನಿಲ್ಲಿಸಿ, ಸುತ್ತ ಹಗ್ಗ ಬಿಗಿದು, ನಾನು ಅದರ ಪಕ್ಕದಲ್ಲೇ ಹಿಂದೆ ಕೂತೆ. ಅತನೂರು ದಾಟಿದ ಮೇಲೆ ರಸ್ತೆ ಎಷ್ಟು ಕೆಟ್ಟಿತ್ತೆಂದರೆ, ಪ್ರತಿ ಕುಣಿಗೂ ಒಳಗಿನಿಂದ ಏನೋ ಸಣ್ಣದು ಕಿಣಿ ಎನ್ನುವುದು ನನಗೆ ಕೇಳುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ಅಣ್ಣ ಎಂಟೊಂಬತ್ತು ವರ್ಷಗಳ ಹಿಂದೆ ಪರದೇಶದಿಂದ ಆ ಟಿ.ವಿ. ತಂದುಕೊಟ್ಟಿದ್ದ. ಇಪ್ಪತ್ತಾರು ಇಂಚಿನ ಬಣ್ಣದ ಪರದೆ, ಕಟ್ಟಿಗೆಯ ಪೆಟ್ಟಿಗೆ, ರಿಮೋಟು. ಅಂಥದ್ದು ಆಗ ತಾಲೂಕಿನಲ್ಲಿ ಇನ್ನೊಂದು ಇದ್ದಂತೆ ನನಗೆ ನೆನಪಿಲ್ಲ.

ಅದರ ಪ್ಲಗ್ಗಿನ ಬಗ್ಗೆ ಇಲ್ಲೇ ಹೇಳಬೇಕು. ಅಫಜಲಪುರದಲ್ಲಿ ಒಮ್ಮೆ ಸಿಡಿಲು ಬಡಿದಾಗ ಟಿ.ವಿ.ಯ ಬೆನ್ನಿಗಿದ್ದ ಒಂದು ಸಣ್ಣ ಡಬ್ಬಿ ಸುಟ್ಟುಹೋಗಿತ್ತು. ಮಾಳಿಗೆಯ ಆಂಟೆನಾದಿಂದ ಬರುವ ವೈರನ್ನು ಒಳಗಿನ ಕರೆಂಟಿನಿಂದ ದೂರ ಇಡುವುದು ಆ ಡಬ್ಬಿಯ ಕೆಲಸ. ಅಂಥದ್ದು ಎಲ್ಲೂ ಸಿಗಲಿಲ್ಲ. ಅಲ್ಲಿನ ಮೆಕ್ಯಾನಿಕ್ಕು ವೈರನ್ನು ನೇರವಾಗಿ ಜೋಡಿಸಿ, ಪ್ಲಗ್ಗಿನ ಒಂದು ಬದಿಗೆ ಬಿಳಿ ಬಣ್ಣದ ಬೊಟ್ಟು ಇಟ್ಟು ಹೇಳಿದ: “ಈ ಬಿಳೀದು ಯಾವಾಗ್ಲೂ ಮ್ಯಾಲ ಇರಬೇಕ್ರಿ ಸರ. ಕೆಳಗಾತಂದ್ರ ಆಂಟೆನಾ ಮುಟ್ಟಿದವ್ರಿಗಿ ಝಟಕಾ ಹೊಡಿತದ.” ಪ್ಲಗ್ಗಿಗೆ ಇದ್ದದ್ದು ಎರಡೇ ಪಿನ್ನು, ಹೇಗೆ ಬೇಕಾದರೂ ಕೂರುತ್ತಿತ್ತು. ಮೂರು ವರ್ಷ ಆ ಬೊಟ್ಟನ್ನು ಮೇಲೆಯೇ ಇಟ್ಟೆವು. ಕಸ ಗುಡಿಸುವಾಗ ಪ್ಲಗ್ ತೆಗೆದರೂ ನನ್ನ ಹೆಂಡತಿ ಮತ್ತೆ ಹಾಕುತ್ತಿರಲಿಲ್ಲ, ನನಗಾಗಿ ಕಾಯುತ್ತಿದ್ದಳು.

ಜೇವರ್ಗಿಯಲ್ಲಿ ನಮಗೆ ಮನೆ ಕೊಟ್ಟವರು ಕಿರಾಣಿ ವ್ಯಾಪಾರದ ಸಾವಕಾರರು. ಮುಂದಿನ ಎರಡು ಕೋಣೆ ನಮಗೆ, ಹಿಂದಿನದೆಲ್ಲ ಅವರಿಗೆ, ಮಾಳಿಗೆ ಇಬ್ಬರಿಗೂ. ನಾಲ್ಕು ಮಂದಿ ಹೊತ್ತು ತಂದ ಟಿ.ವಿ.ಯನ್ನು ನೋಡಿ ಅವರು, “ಮಾಸ್ತರ್ರೇ, ಇದಕ್ಕ ಬ್ಯಾರೆ ಬಾಡಿಗಿ ಹಿಡಿಬೇಕಾಗ್ತದ, ನಿಮಕಿಂತ ಜಾಸ್ತಿ ಜಾಗಾ ಹಿಡದದ” ಎಂದು ನಕ್ಕರು.

ಟಿ.ವಿ. ಹಚ್ಚಿ ನೋಡಿದರೆ ಪರದೆಯ ಎರಡೂ ಬದಿ ಒಂದೊಂದು ಗೇಣು ಕಪ್ಪಾಗಿತ್ತು. ಎಡಕ್ಕೆ ಹಸಿರು ಛಾಯೆ, ಬಲಕ್ಕೆ ನೇರಳೆ. ಪೆಟ್ಟಿಗೆ ತಟ್ಟಿದರೆ ಎಲ್ಲ ಆರಿಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ಕನ್ನು ಗುರುವಾರ ಕರೆತಂದೆ. ಮೂವತ್ತರ ಆಸುಪಾಸಿನವನು, ಗುಲಬರ್ಗಾದಲ್ಲಿ ಕೆಲಸ ಕಲಿತವನು. ಅವನ ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟವಿತ್ತು.

ಮಾಳಿಗೆಗೆ ಮೆಟ್ಟಿಲು ಸಾವಕಾರರ ಅಂಗಳದಿಂದ ಹೋಗುತ್ತಿತ್ತು. ಮೆಕ್ಯಾನಿಕ್ಕು ಆಂಟೆನಾದ ಪೈಪು ಹೊತ್ತು ಅತ್ತ ನಡೆದಾಗ ಸಾವಕಾರರು ಅವನನ್ನು ನೋಡದೆ ನನಗೆ ಹೇಳಿದರು: “ಏಣಿ ಅದ ಮಾಸ್ತರ್ರೇ. ಹೊರಗಿಂದ ಹತ್ತಲಿ.” ಅವನು ಏಣಿ ಹಚ್ಚಿ ಹತ್ತಿದ. ನಾನು ಮೆಟ್ಟಿಲ ಮೇಲಿಂದ ಹೋದೆ.

ಕೆಳಗೆ ಬಂದು ಟಿ.ವಿ.ಯ ಹಿಂಬದಿ ಬಿಚ್ಚಿದವನು ಒಳಗೆ ಇಣುಕಿ, “ಟಿ.ವಿ. ಅಲ್ರಿ ಸರ ಇದು, ಅಲಮಾರಿ. ಇದರಾಗ ನನ್ನ ಸಂಸಾರ ಆರಾಮ ಕುಂದರ್ತದ” ಎಂದ.

“ಕುಂದರಸಪ್ಪಾ, ಬಾಡಿಗಿ ಮಾತ್ರ ನಮಗ ಕೊಡು” ಎಂದಳು ನನ್ನ ಹೆಂಡತಿ.

“ಅಷ್ಟ ಅಲ್ರಿ ಅಕ್ಕಾ, ಕರೆಂಟ್ ಬಿಲ್ಲೂ ನಂದ.”

ಅವಳ ಕನ್ನಡಿಯನ್ನು ಪರದೆಯ ಎದುರು ಕುರ್ಚಿಗೆ ಒರಗಿಸಿದ. ಹಿಂದೆ ಕೂತು ಕೆಲಸ ಮಾಡುತ್ತಲೇ ಮುಂದಿನ ಚಿತ್ರ ಅವನಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯಿಂದ ಒಂದೊಂದೇ ಜಾಗ ಮೆಲ್ಲಗೆ ಬಡಿಯುತ್ತ ಹೋದ. ಒಂದು ಕಡೆ ಬಡಿದಾಗ ಚಿತ್ರ ನಡುಗಿತು. ಅಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಕಾದ ಬೆಸುಗೆ ಕಡ್ಡಿಯಿಂದ ಅದನ್ನು ಕೂಡಿಸಿದೊಡನೆ ಚಿತ್ರ ಅಂಚಿನವರೆಗೂ ಹರಡಿತು. ಆಮೇಲೆ ತಂತಿ ಸುತ್ತಿ ತಾನೇ ಮಾಡಿಕೊಂಡಿದ್ದ ಒಂದು ಬಳೆಯನ್ನು ಕರೆಂಟಿಗೆ ಹಚ್ಚಿ ಪರದೆಯ ಮುಂದೆ ತಿರುಗಿಸುತ್ತ ತಿರುಗಿಸುತ್ತ ಹಿಂದೆ ಸರಿದ. ಹಸಿರು, ನೇರಳೆ ಕರಗಿ ಮನುಷ್ಯರ ಮುಖಗಳು ಮನುಷ್ಯರ ಮುಖಗಳಂತೆಯೇ ಕಂಡವು.

ಆಂಟೆನಾವನ್ನು ಉತ್ತರಕ್ಕೆ, ಗುಲಬರ್ಗಾದ ಕಡೆಗೆ ಸರಿಯಾಗಿ ತಿರುಗಿಸಲು ನಾನು ಮತ್ತೆ ಮಾಳಿಗೆಗೆ ಹೋದೆ. ಇಳಿದು ಬಂದಾಗ ಅವನು ಸಾಮಾನು ಚೀಲಕ್ಕೆ ತುಂಬುತ್ತಿದ್ದ. “ಸರ, ಹಿಂದಿನ ಡಬ್ಬಿ ಇಲ್ಲ ಇದಕ್ಕ. ಗುಲಬರ್ಗಾದಿಂದ ತರಸ್ತೇನಿ. ಅಲ್ಲೀತನಕ ಪ್ಲಗ್ ನಾ ಹ್ಯಾಂಗ ಹಾಕೇನೋ ಹಾಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ” ಎಂದ. ಆಗಲಿ ಎಂದೆ. ಬಿಳಿ ಗುರುತಿನ ಕಥೆಯನ್ನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲಿಲ್ಲ.

ಶನಿವಾರ ಸಂಜೆ ಸಾಕೆಟ್ಟಿನ ಬಳಿ ಬಾಗಿದಾಗ ಕಂಡೆ: ಬೊಟ್ಟು ಕೆಳಗಿತ್ತು. ಯಾರೂ ಮುಟ್ಟಬೇಡಿ ಎಂದ ಅವನ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ನಾನು ಹೇಳುವಂತಿಲ್ಲ. ಪಾಪ, ಅವನಿಗೆ ಗುರುತಿನ ಅರ್ಥ ಗೊತ್ತಿಲ್ಲ, ಗಡಿಬಿಡಿಯಲ್ಲಿ ತಿರುಗಾಮುರುಗಾ ಹಾಕಿದ್ದಾನೆ ಎಂದುಕೊಂಡೆ. ಈ ಟಿ.ವಿ. ಅವನಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡೆ. ಪ್ಲಗ್ ಕಿತ್ತು, ಬೊಟ್ಟು ಮೇಲೆ ಮಾಡಿ ಹಾಕಿದೆ.

ನಾನು ವಿಜ್ಞಾನದ ಮಾಸ್ತರ. ಮುಖ್ಯವಾದದ್ದು ಪ್ಲಗ್ಗಿನ ಮೇಲು ಕೆಳಗಲ್ಲ, ಗೋಡೆಯ ಯಾವ ತೂತಿನಲ್ಲಿ ಕರೆಂಟು ಬರುತ್ತದೆ ಎಂಬುದು. ಮನೆ ಬದಲಾದರೆ ತೂತೂ ಬದಲಾಗಬಹುದು. ಇದನ್ನು ಎಂಟನೆಯ ತರಗತಿಯ ಹುಡುಗರಿಗೆ ಹೇಳಿಕೊಡುತ್ತಿದ್ದೆ. ಆ ಮನೆಯ ಸಾಕೆಟ್ಟು ಅಫಜಲಪುರದ್ದಕ್ಕೆ ಉಲ್ಟಾ ಇತ್ತು. ಮೆಕ್ಯಾನಿಕ್ಕು ಟೆಸ್ಟರ್ ಇಟ್ಟು ನೋಡಿ, ಸರಿ ಮಾಡಿ ಹೋಗಿದ್ದ. ನಾನು ಅದನ್ನು ಕೆಡಿಸಿದೆ.

ಭಾನುವಾರ ಬೆಳಿಗ್ಗೆ ಟಿ.ವಿ. ಹಚ್ಚಿ ಕೂತಿದ್ದೆವು. ಮಾಳಿಗೆಯಿಂದ ಬಕೆಟು ಉರುಳಿದ ಸದ್ದು ಬಂತು. ಆಮೇಲೆ ಕೂಗಲ್ಲ, ಗಂಟಲಲ್ಲೇ ಸಿಕ್ಕಿಕೊಂಡ ಒಂದು ದನಿ. ಓಡಿ ಹತ್ತಿದೆ. ಸಾವಕಾರರ ಹೆಂಡತಿ ನಿಂತಿದ್ದರು. ಒದ್ದೆಯ ಸೀರೆ ಅವರ ಹೆಗಲ ಮೇಲಿತ್ತು, ಬಲಗೈ ತಂತಿಯನ್ನು ಹಿಡಿದಿತ್ತು. ಬಟ್ಟೆ ಒಣಹಾಕಲು ಅವರು ಹಿಂದಿನ ದಿನವೇ ಆ ತಂತಿಯನ್ನು ಹೊಸ ಆಂಟೆನಾದ ಪೈಪಿಗೆ ಕಟ್ಟಿದ್ದರು. ನಮಗೆ ಗೊತ್ತಿರಲಿಲ್ಲ. ಅವರ ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಬೆರಳು ಬಿಡುತ್ತಿರಲಿಲ್ಲ.

ನಾನು ಮುಟ್ಟಲಿಲ್ಲ. ತಿರುಗಿ ಕೆಳಗೆ ಓಡಿದೆ. ಎಷ್ಟು ಸೆಕೆಂಡು ಎಂದು ನನಗೆ ಗೊತ್ತಿಲ್ಲ. ಹದಿನೆಂಟು ಮೆಟ್ಟಿಲು, ಅಂಗಳ, ಎರಡು ಹೊಸ್ತಿಲು. ಪ್ಲಗ್ಗನ್ನು ಕಿತ್ತೆಳೆದೆ. ಎಳೆಯುವಾಗ ಬೊಟ್ಟು ಮೇಲಿದ್ದುದನ್ನು ನೋಡಿದೆ. ಮೇಲೆ ಅವರು ಬಿದ್ದ ಸದ್ದು ಕೇಳಿಸಿತು.

ಅವರು ಉಳಿದರು. ಅಂಗೈ ಸುಟ್ಟಿತ್ತು, ಬಿದ್ದ ರಭಸಕ್ಕೆ ಮಣಿಕಟ್ಟು ಮುರಿದಿತ್ತು. ದವಾಖಾನೆಯ ಅಂಗಳದಲ್ಲಿ ಸಾವಕಾರರು ನನ್ನ ತೋಳು ಹಿಡಿದು, “ಏನಾತ್ರೀ ಮಾಸ್ತರ್ರೇ? ನೀವು ಕಲತವ್ರು, ಹೇಳ್ರಿ” ಎಂದರು. ಸುತ್ತ ಹತ್ತು ಹನ್ನೆರಡು ಜನರಿದ್ದರು. ನಾನು ಹೇಳಿದ್ದು ಇಷ್ಟು: “ಟಿ.ವಿ. ಒಳಗಿನ ಕರೆಂಟು ಆಂಟೆನಾಕ್ಕ ಹತ್ತೇದ.” ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

“ಮೊನ್ನಿ ಆ ಮಗ ಬಿಚ್ಚಿದ್ನಲ್ಲ, ಅವಂದ ಕೆಲಸ” ಎಂದ ಒಬ್ಬ. ಇನ್ನೊಬ್ಬ ಹೌದೆಂದ. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಸಂಜೆ ಮೆಕ್ಯಾನಿಕ್ಕು ತಾನಾಗಿಯೇ ಬಂದ. ಅವನ ಒಂದು ಕೆನ್ನೆ ಊದಿತ್ತು. ಬಜಾರಿನಲ್ಲಿ ಯಾರು ಹೊಡೆದರೆಂದು ನಾನು ಕೇಳಲಿಲ್ಲ. ಸಾವಕಾರರು ಬಾಗಿಲಲ್ಲಿ ನಿಂತಿದ್ದರು. ಪ್ಲಗ್ ನಾನು ಕಿತ್ತಲ್ಲೇ ನೆಲದ ಮೇಲೆ ಬಿದ್ದಿತ್ತು. ಅವನು ಸಾಕೆಟ್ಟಿನ ಎರಡೂ ತೂತಿಗೆ ಟೆಸ್ಟರ್ ಇಟ್ಟು ನೋಡಿದ. ಪ್ಲಗ್ ಎತ್ತಿ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ನನ್ನತ್ತ ತಿರುಗಿದ.

“ಸರ, ಒಂದ ಮಾತು. ನೀವು ಕೀಳೂವಾಗ ಈ ಬಿಳೀದು ಮ್ಯಾಲ ಇತ್ತೋ, ಕೆಳಗ ಇತ್ತೋ?”

“ನೋಡಲಿಲ್ಲ” ಎಂದೆ.

“ಜರಾ ನೆನಪ ಮಾಡ್ಕೊಳ್ರಿ ಸರ. ಕೆಳಗಿತ್ತಂದ್ರ ತಪ್ಪು ನಂದ. ಕಬೂಲ ಮಾಡ್ತೇನಿ.”

“ಗಡಿಬಿಡಿಯಾಗಿತ್ತು. ನೋಡಲಿಲ್ಲ.”

“ಸಾಕ ನಡಿಯೋ” ಎಂದರು ಸಾವಕಾರರು. “ಮಾಸ್ತರ್ರಿಗೇ ಜೋರು ಮಾಡಾಕತ್ತೀಯೇನು?”

ಅವನು ಪ್ಲಗ್ಗನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು ಹೋದ.

ನಾಲ್ಕು ದಿನ ಹಾಗೇ ಕಳೆದವು. ಶಾಲೆಗೆ ಹೋಗುವ ದಾರಿಯಲ್ಲೇ ಅವನ ಅಂಗಡಿ. ರಿಪೇರಿಗೆ ಕೊಟ್ಟ ರೇಡಿಯೋ, ಟಿ.ವಿ.ಗಳನ್ನು ಜನ ಬಿಚ್ಚಿದ್ದು ಬಿಚ್ಚಿದ್ದಂತೆಯೇ ವಾಪಸು ಒಯ್ಯುವುದನ್ನು ನೋಡಿದೆ. ನಾಲ್ಕನೆಯ ದಿನ, ಅವನ ಅಂಗಡಿಯಿದ್ದ ಕೋಣೆಯನ್ನು ಅದರ ಮಾಲಕರು ಖಾಲಿ ಮಾಡಿಸುತ್ತಿದ್ದಾರೆಂದು ಶಾಲೆಯಲ್ಲೇ ಕೇಳಿದೆ. ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಡಿಗೆ ಬಿಟ್ಟು ಎದ್ದು, “ಇಲ್ಲಿ ಹೇಳಿದ್ರೇನು ಬಂತು? ಅಲ್ಲಿ ಹೋಗಿ ಹೇಳ್ರಿ” ಎಂದಳು.

ಹೋದೆ. ಅಂಗಡಿಯಲ್ಲಿ ಸಾವಕಾರರು ಬೇಳೆ ತೂಗಿಸುತ್ತಿದ್ದರು. ಗಿರಾಕಿಗಳು ಇದ್ದರು. ಇದ್ದದ್ದೇ ಒಳ್ಳೆಯದೆನಿಸಿತು.

“ಸಾವಕಾರ್ರೇ, ಪ್ಲಗ್ ತಿರುವಿ ಹಾಕಿದವ ನಾನು. ಶನಿವಾರ ಸಂಜೀಕ. ಅಂವ ಬರೋಬ್ಬರಿ ಹಾಕಿದ್ದ, ಮುಟ್ಟಬ್ಯಾಡ್ರಿ ಅಂತ ಹೇಳಿಯೂ ಹೋಗಿದ್ದ. ಕೀಳೂವಾಗ ನಾ ನೋಡೀನಿ. ಬಿಳೀದು ಮ್ಯಾಲ ಇತ್ತು.”

ಅವರು ತಕ್ಕಡಿ ಕೆಳಗಿಟ್ಟರು. ಆಮೇಲೆ ಗಿರಾಕಿಗಳ ಕಡೆ ತಿರುಗಿ, “ನೋಡ್ರೀ, ಇದಕ್ಕಂತಾರ ಮನುಷ್ಯಾ ಅಂತ” ಎಂದರು. “ಅವನ ಹೊಟ್ಟಿಮ್ಯಾಲ ಕಾಲ ಬೀಳ್ತದಂತ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ಯಾರ.”

“ಹಂಗಲ್ರಿ. ಖರೇನೇ ನಾನೇ—”

“ಬಿಡ್ರಿ ಮಾಸ್ತರ್ರೇ. ನಿಮ್ಮ ಮನಸು ದೊಡ್ಡದು. ಆ ಮಂದಿದು ನಿಮಗ ಗೊತ್ತಿಲ್ಲ.”

ಸಾಕೆಟ್ಟು, ತೂತು, ಟೆಸ್ಟರು ಎಲ್ಲ ಮತ್ತೊಮ್ಮೆ ಬಿಡಿಸಿ ಹೇಳಿದೆ. ತರಗತಿಯಲ್ಲಿ ಹೇಳುವುದಕ್ಕಿಂತ ನಿಧಾನವಾಗಿ ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಬಗೆಗಿನ ಗೌರವ ಹೆಚ್ಚುತ್ತಿತ್ತು. ಒಬ್ಬ ಗಿರಾಕಿ ಕೈ ಮುಗಿದ.

ಅಲ್ಲಿಂದ ನೇರವಾಗಿ ಮೆಕ್ಯಾನಿಕ್ಕನ ಅಂಗಡಿಯ ಕೋಣೆಗೆ ಹೋದೆ. ಅವನು ತಂತಿಯ ಸುರುಳಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಹೇಳಿದೆ.

“ನಂಗ ಅವತ್ತ ಗೊತ್ತಾತ್ರಿ ಸರ,” ಎಂದ, ಕೆಲಸ ನಿಲ್ಲಿಸದೆ. “ಸಾವಕಾರ್ರ ಮುಂದ ಹೇಳೀರೇನು?”

“ಈಗಷ್ಟೇ ಹೇಳಿ ಬಂದೆ.”

“ಏನಂದ್ರು?”

ಅವನು ತಲೆ ಎತ್ತಿ ನೋಡಿ, ನನ್ನ ಮುಖದಲ್ಲೇ ಉತ್ತರ ಓದಿಕೊಂಡ. “ನಾಳಿ ಟಿ.ವಿ. ಇಲ್ಲಿಗಿ ತರ್ರಿ. ಡಬ್ಬಿ ಬಂದದ. ನಾ ಆ ಮನಿಗಿ ಬರಾಂಗಿಲ್ಲ” ಎಂದ. ಮರುದಿನ ಕೈಗಾಡಿಯಲ್ಲಿ ಒಯ್ದೆ. ಆ ಕೋಣೆಯಲ್ಲಿ ಅವನು ಮಾಡಿದ ಕೊನೆಯ ಕೆಲಸ ಅದೇ ಇರಬೇಕು. ಟಿ.ವಿ. ಆಮೇಲೆ ಆರು ವರ್ಷ ನಡೆಯಿತು.

ಎರಡು ತಿಂಗಳಿಗೆ ನಾವು ಬೇರೆ ಮನೆ ಹಿಡಿದೆವು. ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ಅಂದೋಲಾಕ್ಕೆ ಹೋದಾಗ, ಅಲ್ಲಿ ಒಂದು ತಗಡಿನ ಅಂಗಡಿಯಲ್ಲಿ ಅವನನ್ನು ಕಂಡೆ. ಅದು ಅವನ ಹೆಂಡತಿಯ ಊರು. ಟಿ.ವಿ.ಗಳು ಕಾಣಲಿಲ್ಲ, ನಾಲ್ಕಾರು ರೇಡಿಯೋ, ಟಾರ್ಚು ಇದ್ದವು. ಚಹಾ ತರಿಸಿದ. “ಸಾವಕಾರ್ರ ಮನಿ ಅಮ್ಮೋರ ಕೈ ಹ್ಯಾಂಗದರಿ?” ಎಂದು ಕೇಳಿದ. ಎರಡು ಬೆರಳು ಮಡಚುವುದಿಲ್ಲ ಎಂದೆ. ಅವನು ತನ್ನ ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದ.

ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಊರಿನ ಹಿರಿಯರೊಬ್ಬರಿದ್ದರು. ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ರೇಡಿಯೋ.

“ಜೇವರ್ಗಿಯವ್ರೇನ್ರಿ? ಆ ಮೆಕ್ಯಾನಿಕನ ಅಂಗಡ್ಯಾಗ ಕುಂತಿದ್ರಿ, ನೋಡಿದೆ. ಅಂವ ನಿಮ್ಮೂರಾಗ ಹೆಣಮಗಳೊಬ್ಬಾಕಿಗಿ ಕರೆಂಟ್ ಹತ್ತಸಿ ಓಡಿ ಬಂದಾನಂತ, ಖರೇನು? ಇದನ್ನ ಕೊಡಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೇನಿ.”

“ಅಂವ ಅಲ್ರಿ,” ಎಂದೆ. “ನಾನು.”

ಏನಾಯಿತೆಂದು ಹೇಳಿದೆ. ಏಣಿಯಿಂದ ಹಿಡಿದು ‘ನೋಡಲಿಲ್ಲ’ ಎಂದದ್ದರವರೆಗೆ, ಏನನ್ನೂ ಬಿಡದೆ. ಮುಗಿದ ಮೇಲೆ, “ಯಾವ ಸಾಲ್ಯಾಗ ಕಲಸ್ತೀರಿ?” ಎಂದು ಕೇಳಿದರು. ಹೇಳಿದೆ.

“ನನ್ನ ಮೊಮ್ಮಗಾ ಅಲ್ಲೇ ಬರ್ತಾನ” ಎಂದರು. ಒಂದು ಸಲ ನನ್ನನ್ನು ನೋಡಿ, ರೇಡಿಯೋ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದು ಕೂತರು. ಹೆಂಡತಿ ಮತ್ತು ಮೆಕ್ಯಾನಿಕ್ಕನ್ನು ಬಿಟ್ಟರೆ, ನನ್ನ ಆ ಮಾತನ್ನು ನಂಬಿದವರಲ್ಲಿ ಅವರೇ ಮೊದಲಿಗರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ರೇಡಿಯೋ ಹಿಡಿದುಕೊಂಡು, ತಗಡಿನ ಅಂಗಡಿಯ ಕಡೆಗೆ ನಡೆದರು.