ನಿಮ್ಮ ಅಪ್ಪಾರಿಗೆ ಹೇಳು

ನಮ್ಮ ಅತ್ತೆಯವರ ಮುಖಕ್ಕಿಂತ ಅವರ ಬಲಗೈಯ ಎರಡು ಬೆರಳುಗಳೇ ನನಗೆ ಹೆಚ್ಚು ಪರಿಚಯ. ಹೆಬ್ಬೆರಳು, ಅದರ ಪಕ್ಕದ್ದು. ಎರಡರ ತುದಿಯೂ ಸವೆದು ನುಣ್ಣಗಾಗಿ, ಎಷ್ಟು ತೊಳೆದರೂ ಹೋಗದ ಬೂದಿ ಬಣ್ಣ ಹಿಡಿದಿವೆ. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತಾರೆ. ಬನಹಟ್ಟಿಯ ಓಣಿಯಲ್ಲಿ ಅತ್ತೆ ಚಿಕ್ಕಂದಿನಿಂದ ಮಾಡಿದ್ದು ಇದೇ ಕೆಲಸ. ನಾನು ಮಾವನ ಮನೆಗೆ ಹೋದಾಗಲೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ಸೆರಗಿನ ಅಂಚನ್ನು ಮುಖದ ಮೇಲೆ ಎಳೆದು ಹಿಡಿದುಕೊಂಡ ಆ ಎರಡು ಬೆರಳು ಕಾಣುತ್ತಿದ್ದವು. ಉಳಿದದ್ದೆಲ್ಲ ಮರೆಯಲ್ಲಿ.

ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಹೇಳುವುದು ಏನಿದ್ದರೂ ನಡುವೆ ಒಬ್ಬರು ಬೇಕು. "ಅಳಿಯಾರಿಗೆ ಹೇಳು, ಚಾ ಆರಾಕತ್ತೈತಿ ಅಂತ" ಎಂದು ಅವರು ಮಗಳಿಗೆ ಹೇಳುವರು. ಮಗಳು, ಅಂದರೆ ನನ್ನ ಹೆಂಡತಿ, ನನಗೆ ಹೇಳುವಳು. ಮಜಾ ಏನೆಂದರೆ ಮಗ್ಗಗಳ ಖಟಖಟದಲ್ಲಿ ಬಾಳಿದವರ ಪಿಸುಮಾತು ನಾಲ್ಕು ಮನೆಗೆ ಕೇಳುತ್ತದೆ. ಅವರು ಹೇಳಿದ್ದು ಅಕ್ಷರಕ್ಷರ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಆದರೂ ಕೇಳಿಸಲೇ ಇಲ್ಲ ಎಂಬಂತೆ, ಹೆಂಡತಿ ಬಂದು ಹೇಳುವ ತನಕ ಕಪ್ಪು ಮುಟ್ಟುವ ಹಾಗಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ನಾನು ಒಂದು ದಿನವೂ ಬಿಸಿ ಚಹಾ ಕುಡಿದವನಲ್ಲ.

ನಾನು ಮುಧೋಳದ ಕಡೆಯವನು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಪಾಕ ಕುದಿಸಿ ಹರಳು ಕಟ್ಟಿಸುವ ಕೆಲಸ ಕಲಿತವನು. ನಮ್ಮ ಭಾಗದ ಇಂಥ ಕೆಲಸಗಾರರಿಗೆ ಆಫ್ರಿಕದಲ್ಲಿ ಬೇಡಿಕೆ ಇದೆ. ನಾನೂ ಉಗಾಂಡಕ್ಕೆ ಹೋದೆ. ಹೆಂಡತಿ ಮತ್ತು ಆರು ವರ್ಷದ ಮಗಳು ಜೊತೆಗೆ. ಅಲ್ಲಿ ಮಗಳನ್ನು ಇಂಟರ್‌ನ್ಯಾಷನಲ್ ಸ್ಕೂಲಿಗೆ ಸೇರಿಸಿದೆವು. ಹತ್ತಾರು ದೇಶದ ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂತು ಹಾಡುವ, ಟೀಚರನ್ನು ಹೆಸರು ಹಿಡಿದು ಕರೆಯುವ, ಹೊಡೆತವೇ ಇಲ್ಲದ ಸಾಲೆ ಅದು. ನಾನು ಕಲಿತ ಸಾಲೆಯಲ್ಲಿ ಗುರುಗಳ ಸೈಕಲ್ಲು ಕಂಡರೂ ಎದ್ದು ನಿಲ್ಲುತ್ತಿದ್ದೆವು. ಮೊದಲ ದಿನ ಆ ಗೇಟಿನ ಮುಂದೆ ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.

ಎದೆ ಉಬ್ಬಿದವನ ಬುದ್ಧಿ ನೆಟ್ಟಗಿರುವುದಿಲ್ಲ. ಅಂದು ಸಂಜೆಯೇ ಮನೆಯಲ್ಲಿ ಕಾಯಿದೆ ಮಾಡಿದೆ: ಇನ್ನು ಮುಂದೆ ನನ್ನ ಮುಂದೆ ಇಂಗ್ಲಿಷ್ ಮಾತ್ರ. ನನ್ನ ಇಂಗ್ಲಿಷೋ ಕಾರ್ಖಾನೆಯ ಇಂಗ್ಲಿಷು. ಸ್ಟೀಮ್ ಹೆಚ್ಚಿಸು, ವಾಲ್ವ್ ಮುಚ್ಚು ಎನ್ನಲು ಸಾಕಾದೀತು, ಮಗಳ ಜೊತೆ ಹರಟಲು ಸಾಲದು. ಆದರೂ ಅವಳು ತಪ್ಪಿದರೆ ಅರ್ಧಕ್ಕೇ ತಡೆದು ತಿದ್ದುತ್ತಿದ್ದೆ. ಮೊದಲು ಹೆಂಡತಿ ಮಾತು ಬಿಟ್ಟಳು, ಅದು ಸಿಟ್ಟಿಗೆ. ಆಮೇಲೆ ಮಗಳು ಬಿಟ್ಟಳು. ಹಸಿವಾದರೆ ಹೊಟ್ಟೆ ತೋರಿಸುವಳು, ನೀರು ಬೇಕಾದರೆ ಲೋಟ ತೋರಿಸುವಳು. ನಾನು ಮಾತ್ರ ಇಂಗ್ಲಿಷ್ ಒಳಗೊಳಗೇ ಕುದಿಯುತ್ತಿದೆ, ಹೊತ್ತು ಬಂದಾಗ ಹರಳು ಕಟ್ಟುತ್ತದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಹೆಂಡತಿಗೆ ಎರಡನೆಯ ಬಸಿರು. ಹೆರಿಗೆಗೆ ತವರಿಗೆ ಹೋಗಬೇಕು, ಆದರೆ ಡಾಕ್ಟರು ವಿಮಾನ ಹತ್ತಬಾರದು ಎಂದುಬಿಟ್ಟರು. ಫೋನಿನಲ್ಲಿ ಸುದ್ದಿ ಕೇಳಿದ ಅತ್ತೆ, "ನಿನಗ ತವರಿಗೆ ಬರಾಕ ಆಗಂಗಿಲ್ಲಂದ್ರ ತವರ ನಿನ್ನ ಕಡೆ ಬರತೈತಿ, ತಗೋ" ಎಂದರು. ಜಮಖಂಡಿಯ ಆಚೆ ಒಬ್ಬರೇ ಹೋಗದ ಹೆಂಗಸು ಎರಡು ವಿಮಾನ ಬದಲಿಸಿ, ಅಂಟಿನ ಉಂಡಿಯ ಡಬ್ಬಿ, ಜೋಳದ ಹಿಟ್ಟು, ನಾಲ್ಕು ಕುಪ್ಪಸದ ಖಣ, ಬೂದಿಯ ಪುಟ್ಟ ಚೀಲ ಕಟ್ಟಿಕೊಂಡು ಬಂದಿಳಿದರು. ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡವರೇ ಬಾಗಿಲು ಹುಡುಕಿದರು. ಅಲ್ಲಿ ಮರೆಯಾಗುವಂಥ ಬಾಗಿಲೆಲ್ಲಿ? ಕಂಬದ ಹಿಂದೆ ಸರಿದು ಸೆರಗು ಎಳೆದುಕೊಂಡು ಮೊಮ್ಮಗಳನ್ನು ಕರೆದರು.

"ನಿಮ್ಮ ಅಪ್ಪಾರಿಗೆ ಹೇಳಬೇ, ಗಂಟು ಹಗೂರ ಇಡ್ರಿ, ಉಂಡಿ ಒಡೀತಾವು ಅಂತ."

ಮಗಳು ನನ್ನ ಮುಖ ನೋಡಿದಳು. ಕಾಯಿದೆ ಬಿಟ್ಟುಕೊಡದ ನಾನು, ಇಂಗ್ಲಿಷಿನಲ್ಲಿ ಹೇಳು ಎಂದೆ. ಅವಳು ಕಂಬದ ಹಿಂದೆ ಓಡಿದಳು.

"ಆಯಿ, ಇಂಗ್ಲಿಷಿನ್ಯಾಗ ಹೇಳಬೇಕಂತ."

"ಹಂಗೇನು? ಉಂಡಿಗೆ ಇಂಗ್ಲಿಷ್ ತಿಳಿತೈತೇನು, ಅದನ್ನೂ ಕೇಳಿ ಬಾ."

ಎಷ್ಟೋ ತಿಂಗಳ ಮೇಲೆ ಮಗಳು ಕಿಲಕಿಲ ನಕ್ಕಳು.

ಅಂದಿನಿಂದ ಅವಳಿಗೆ ಹೊಸ ನೌಕರಿ. ಬೆಳಿಗ್ಗೆ ಎದ್ದರೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ. ಆಯಿ ಕನ್ನಡದಲ್ಲಿ ಹೇಳಿದ್ದನ್ನು ನನಗೆ ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ಮುಟ್ಟಿಸಬೇಕು. ಚಹಾ ಆರುತ್ತಿದೆ ಎಂಬ ಸುದ್ದಿಯ ಜೊತೆಗೆ, ಮಗಳಿಗೆ ಒಂದು ಉಂಡಿ ಕೊಡಬೇಕಂತೆ ಎಂದು ತನ್ನದೂ ಒಂದು ಸೇರಿಸುವಷ್ಟು ಚಾಲಾಕಿಯಾದಳು. ನನ್ನ ಹಟದ ಗುಂಗಿನಲ್ಲಿ ನಾನು ಇದನ್ನು ಆಟವೆಂದೇ ಬಗೆದೆ. ಮನೆಯಲ್ಲಿ ಏನಾಗುತ್ತಿದೆ ಎಂಬುದು ನನಗೆ ತಿಳಿಯಲೇ ಇಲ್ಲ.

ಎರಡನೆಯ ಮಗಳು ಹುಟ್ಟಿ ಹದಿನೈದು ದಿನವಾಗಿರಬೇಕು, ಸಾಲೆಯಿಂದ ಕರೆ ಬಂತು. ತಂದೆತಾಯಿ ಇಬ್ಬರೂ ಬರಬೇಕು. ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎಂದು ತಾಯಿಯ ಬದಲು ತಾಯಿಯ ತಾಯಿ ಹೊರಟರು. "ಅಕ್ಕೋರನ್ನ ನೋಡಾಕ ಬರಿಗೈಲೆ ಹೆಂಗ ಹೋಗೂದು?" ಎಂದು ಟೀಚರಿಗೆ ಕೊಡಲು ಒಂದು ಖಣ, ಕುಂಕುಮದ ಪೊಟ್ಟಣ ತಗೊಂಡರು.

ಕ್ಲಾಸಿನ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನನಗೂ ನಮ್ಮೂರ ಸಾಲೆ ನೆನಪಾಗಿ ಬೂಟು ಕಳಚಿದೆ. ಟೀಚರು ಅಲ್ಲಿಯವರೇ, ಎತ್ತರದ ನಗುಮುಖದ ಹೆಂಗಸು. ನಮ್ಮ ಬರಿಗಾಲು ಕಂಡು ತಾವೂ ಸದ್ದಿಲ್ಲದೆ ಬೂಟು ಬಿಚ್ಚಿಟ್ಟರು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತೆವು. ಅತ್ತೆ ನನಗೆ ಬೆನ್ನು ಮಾಡಿ, ನಡುವೆ ಮಗಳು.

ಟೀಚರು ಮೆಲ್ಲಗೆ ಹೇಳಿದರು: ಹುಡುಗಿ ಚೆನ್ನಾಗಿ ಬರೆಯುತ್ತಾಳೆ, ಲೆಕ್ಕ ಬರುತ್ತದೆ, ಚಿತ್ರ ಬಿಡಿಸುತ್ತಾಳೆ. ಆದರೆ ಸೇರಿದಂದಿನಿಂದ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಹೆಸರು ಕರೆದರೆ ಕೈ ಎತ್ತುತ್ತಾಳೆ ಅಷ್ಟೆ. ಮುಂದಿನ ವರ್ಷವೂ ಇದೇ ಕ್ಲಾಸಿನಲ್ಲಿ, ತನಗಿಂತ ಚಿಕ್ಕ ಮಕ್ಕಳ ಜೊತೆ ಕೂರಿಸುವುದು ಒಳ್ಳೆಯದು ಅನ್ನಿಸುತ್ತದೆ.

ಅಷ್ಟರಲ್ಲಿ ಸೆರಗಿನೊಳಗಿಂದ ಆ ಪಿಸುಮಾತು ಇಡೀ ಕ್ಲಾಸಿಗೆ ಕೇಳಿತು.

"ಅಕ್ಕೋರು ಏನಂದ್ರು ಅಂತ ನಿಮ್ಮ ಅಪ್ಪಾರನ್ನ ಕೇಳು."

ನಾನು ನೆಲ ನೋಡುತ್ತ, "ಛಲೋ ಓದತಾಳಂತ ಹೇಳು" ಎಂದೆ. ನನ್ನ ಕಾಯಿದೆಯನ್ನು ನಾನೇ ಮುರಿದದ್ದು, ಅದೂ ಒಂದು ಸುಳ್ಳು ಹೇಳಲಿಕ್ಕೆ.

"ಇಲ್ಲ ಆಯಿ," ಎಂದಳು ಮಗಳು, "ಅಪ್ಪ ಸುಳ್ಳ ಹೇಳಾಕತ್ತಾನ. ನಾ ಸಾಲ್ಯಾಗ ಬಾಯಿನ ತಗಿಯಂಗಿಲ್ಲಂತ. ಅದಕ್ಕ ಮತ್ತೊಂದು ವರ್ಸ ಇಲ್ಲೇ ಕೂಡಬೇಕಂತ."

ಅತ್ತೆಯ ಸೆರಗು ಅರ್ಧ ಜಾರಿತು. "ಬಾಯಿ ತಗಿಯಂಗಿಲ್ಲಾ? ನಾ ಬಂದಾಗಿಂದ ಮುಂಜಾನಿಂದ ಸಂಜಿಮಟ ಈಕಿ ಬಾಯಿ ಮುಚ್ಚಿದ್ದ ನಾ ಕಂಡಿಲ್ಲ! ಅಕ್ಕೋರಿಗೆ ಹೇಳು ಇದನ್ನ!" ಎಂದು ಬೂದಿ ಬಣ್ಣದ ಬೆರಳನ್ನು ಟೀಚರ ಕಡೆ ತೋರಿಸಿದರು.

ಹೇಳು ಎಂದರೆ ಹೇಳಿಯೇ ರೂಢಿಯಾದವಳು. ಬೆರಳು ತೋರಿದ ಕಡೆ ತಿರುಗಿ, ನಮ್ಮ ಅಜ್ಜಿ ಹೀಗೆ ಹೇಳುತ್ತಾಳೆ ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಆಯಿಯ ಸಿಟ್ಟನ್ನೂ ಬಿಡಲಿಲ್ಲ.

ಟೀಚರ ಪೆನ್ನು ನಿಂತಿತು. ಜಾಣೆ ಆಕೆ. ಆಹಾ ಎನ್ನಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಏನೂ ಆಗದವರಂತೆ, ಮನೆಯಲ್ಲಿ ಇಷ್ಟು ಮಾತಾಡುವವಳು ಇಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ನಿನ್ನ ಅಜ್ಜಿಯನ್ನು ಕೇಳು ಎಂದರು. ಮಗಳು ಆಯಿಯನ್ನು ಕೇಳಿದಳು. ಅತ್ತೆ, "ಅದನ್ನ ನೀನ ಹೇಳಬೇಕು, ನನಗೇನ ಗೊತ್ತು?" ಎಂದರು. ಮಗಳು ಬೆರಳು ಹೊಸೆಯುತ್ತ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದಳು: ತಪ್ಪು ಮಾತಾಡಿದರೆ ಅಪ್ಪ ಬೈಯುತ್ತಾನೆ. ಇಲ್ಲಿಯೂ ಬೈಯುತ್ತಾರೇನೋ ಅಂತ ಸುಮ್ಮನಿದ್ದೆ. ಈಗ ಹೇಳಿದ್ದು ಆಯಿಯ ಮಾತು. ತಪ್ಪಾದರೂ ಅದು ನನ್ನ ತಪ್ಪಲ್ಲ.

ಆ ಪುಟ್ಟ ಕುರ್ಚಿಯಲ್ಲಿ ನನ್ನಷ್ಟು ಚಿಕ್ಕವನಾಗಿ ಯಾರೂ ಕೂತಿರಲಿಕ್ಕಿಲ್ಲ. ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು. ಅದರ ಹಿಂದೆಯೇ ತಡೆಯಲಾಗದ ಖುಷಿ. ನನ್ನ ಮಗಳು ಎಷ್ಟು ಚೆನ್ನಾಗಿ ಮಾತಾಡುತ್ತಾಳಲ್ಲ! ಟೀಚರು ನನ್ನ ಕಡೆ ತಿರುಗಿ, ತಮ್ಮ ಮನೆಯಲ್ಲಿ ತಾಯಿ ಇವತ್ತಿಗೂ ತಮ್ಮ ಭಾಷೆಯನ್ನೇ ಆಡುತ್ತಾರೆ, ಅದರಿಂದ ಈ ಕೆಲಸಕ್ಕೆ ಏನೂ ಅಡ್ಡಿಯಾಗಿಲ್ಲ ಎಂದರು. ಬೈದದ್ದು ಅಷ್ಟೆ. ನಮಗೆ ಗೊತ್ತುಮಾಡಿದ್ದ ಹತ್ತು ನಿಮಿಷ ಅರ್ಧ ಗಂಟೆಯಾಗಿತ್ತು. ಹೊರಗೆ ಬೇರೆ ತಂದೆತಾಯಿಗಳು ಗಡಿಯಾರ ನೋಡುತ್ತಿದ್ದರು. ಅತ್ತೆಗೆ ಅದರ ಪರಿವೆಯಿಲ್ಲ. ಟೀಚರ ಹಣೆಗೆ ಕುಂಕುಮ ಹಚ್ಚಿ, ಖಣ ಉಡಿಯಲ್ಲಿಟ್ಟು, ಇದನ್ನು ಏನು ಮಾಡಬೇಕೆಂದು ಅವರು ಕೇಳಿದ್ದಕ್ಕೆ "ಕುಪ್ಪಸ ಹೊಲಿಸ್ಕೋರಿ ಅಂತ ಹೇಳಬೇ" ಎಂದರು. ಅದನ್ನೂ ಮಗಳೇ ಹೇಳಿದಳು.

ಆಮೇಲೆ ಅತ್ತೆ ಆ ಸಾಲೆಗೆ ಮತ್ತೊಮ್ಮೆ ಹೋದರು, ಟೀಚರೇ ಕರೆದದ್ದು. ಮಕ್ಕಳ ನಡುವೆ ಜಮಖಾನೆಯ ಮೇಲೆ ಕೂತು, ಚೀಲದ ಬೂದಿ ಮುಟ್ಟಿ, ಎರಡು ದಾರ ಹೊಸೆದು ಒಂದು ಮಾಡಿ ತೋರಿಸಿದರು. ಗಂಟಿಲ್ಲ, ಅಂಟಿಲ್ಲ, ಎಳೆದರೂ ಬಿಚ್ಚುವುದಿಲ್ಲ. ಮಕ್ಕಳೆಲ್ಲ ಮುಖ ಮೂಗಿಗೆ ಬೂದಿ ಬಳಿದುಕೊಂಡು ದಾರ ಹೊಸೆದರು. ಎಲ್ಲರ ಪ್ರಶ್ನೆಗಳನ್ನು ಹೊತ್ತು ತಂದು, ಉತ್ತರ ಹೊತ್ತು ಒಯ್ದವಳು ಒಬ್ಬಳೇ. ಅಂದು ಸಂಜೆ ಅವಳ ಗಂಟಲು ಕಟ್ಟಿತ್ತು. ವರ್ಷದ ಕೊನೆಗೆ ಅವಳು ಮೇಲಿನ ಕ್ಲಾಸಿಗೆ ಹೋದಳು. ಮುಂದೆ ಟೀಚರಿಂದ ದೂರೊಂದು ಬಂತು: ನಿಮ್ಮ ಮಗಳು ಬೇರೆಯವರಿಗೆ ಮಾತಾಡಲು ಬಿಡುವುದಿಲ್ಲ. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಬಾಣಂತನ ಮುಗಿಸಿ ಅತ್ತೆ ಹೊರಟ ದಿನ ದೊಡ್ಡ ಮಗಳು ಸಾಲೆಯಲ್ಲಿದ್ದಳು. ವಿಮಾನ ನಿಲ್ದಾಣದಲ್ಲಿ ಹೆಂಡತಿ ಅಳುತ್ತಿದ್ದಳು, ಅವಳಿಗೆ ಏನು ಹೇಳಿದರೂ ಮುಟ್ಟುವಂತಿರಲಿಲ್ಲ. ಅತ್ತೆಗೆ ನನಗೇನೋ ಹೇಳುವುದಿತ್ತು. ನಡುವೆ ಯಾರೂ ಇಲ್ಲ. ಇವತ್ತಾದರೂ ನೇರವಾಗಿ ಮಾತಾಡುತ್ತಾರೆ ಎಂದು ಕಾದು ನಿಂತೆ. ಅವರು ಆಚೀಚೆ ನೋಡಿ, ಹೆಂಡತಿಯ ತೋಳಲ್ಲಿದ್ದ ಮೂರು ತಿಂಗಳ ಕೂಸಿನ ಗಲ್ಲ ಹಿಡಿದರು.

"ನಿಮ್ಮ ಅಪ್ಪಾರಿಗೆ ಹೇಳಬೇ. ನಿಮ್ಮ ಅಕ್ಕನ ಮಾತು ಹರದಿತ್ತು, ಕೂಡೇತಿ. ನಿಂದು ಹರಿಯಾಕ ಬಿಡಬ್ಯಾಡ್ರಿ ಅಂತ."

ಕೂಸು ಆಕಳಿಸಿತು. ಅತ್ತೆ ತಮ್ಮ ಕೆಲಸವಾಯಿತೆಂಬಂತೆ ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

ಕಾಯಿದೆಯೋ, ಟೀಚರನ್ನು ಕಂಡು ಬಂದ ದಿನವೇ ಹೋಗಿತ್ತು. ನಮ್ಮ ಮನೆಯಲ್ಲಿ ಈಗ ಕನ್ನಡ, ಇಂಗ್ಲಿಷು, ಕಾರ್ಖಾನೆಯ ಸ್ವಾಹಿಲಿ ಎಲ್ಲ ಕಲಸಿ ಗದ್ದಲವೋ ಗದ್ದಲ. ಆ ಗದ್ದಲವನ್ನು ನಾನು ಆ ಎರಡು ಬೆರಳುಗಳ ಋಣ ಎಂದೇ ತಿಳಿದಿದ್ದೇನೆ. ಇದನ್ನು ಅತ್ತೆಗೆ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಯಾರ ಕೈಲಿ ಹೇಳಿಕಳಿಸುವುದು?

ಕಳೆದ ರಜೆಗೆ ಬನಹಟ್ಟಿಗೆ ಹೋಗಿದ್ದೆವು. ಸಣ್ಣವಳಿಗೆ ಎರಡೂವರೆ ವರ್ಷ. ಒಂದೊಂದೇ ಶಬ್ದ ಆಡುತ್ತಿದ್ದಳು, ಎರಡನ್ನು ಕೂಡಿಸಲು ಇನ್ನೂ ಬಂದಿರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ಎಂದಿನ ಪಿಸುಮಾತು ಜೋರಾಗಿ ಕೇಳಿತು. ನಾನು ಎಂದಿನಂತೆ ಕೇಳಿಸದವನಾದೆ. ಸಣ್ಣವಳು ತಟ್ಟಾಡುತ್ತ ಬಂದು, ನನ್ನ ಮೊಣಕಾಲು ಹಿಡಿದು ನಿಂತು, ಉಸಿರು ತೆಗೆದುಕೊಂಡು, ತನ್ನ ಜೀವನದ ಮೊದಲ ಪೂರ್ತಿ ವಾಕ್ಯವನ್ನು ಹೇಳಿದಳು.

"ಅಪ್ಪಾ, ಚಾ ಆರಾಕತ್ತೈತಂತ."

ಬಾಗಿಲ ಅಂಚಿನಲ್ಲಿ ಸೆರಗು ಹಿಡಿದಿದ್ದ ಎರಡು ಬೆರಳು ನಗುತ್ತ ಅಲುಗಾಡುತ್ತಿದ್ದವು. ಆಯಿಗೆ ಹೇಳು, ಚಾ ಭಾಳ ಛಲೋ ಆಗೇತಿ ಅಂತ, ಎಂದು ಅವಳನ್ನು ಅಟ್ಟಿದೆ. ಅದನ್ನು ಮುಟ್ಟಿಸಿ ಅವಳು ಮರಳುವ ತನಕ ಕಾದು, ಆಮೇಲೆ ಕಪ್ಪು ಎತ್ತಿದೆ. ಚಹಾ ತಣ್ಣಗಾಗಿತ್ತು.