ಸುತ್ತಲಿನ ನಾಲ್ಕು ಹೊಲ

ಊರಿನವರು ಆಕೆಯನ್ನು ಅಳತೆ ಅಕ್ಕ ಎನ್ನುತ್ತಿದ್ದರು. ಕೃಷಿ ಕಚೇರಿಯಲ್ಲಿ ಹೊಲ ಅಳೆಯುವ ಕೆಲಸ. ಸರ್ಕಾರದ ಸಹಾಯಧನ ಕೇಳಿದವರ ಜಮೀನು ಅರ್ಜಿಯಲ್ಲಿ ಬರೆದಷ್ಟೇ ಇದೆಯೇ ಎಂದು ನೋಡಿ ವರದಿ ಕೊಡಬೇಕು. ಬಿಸಿಲಿಗೆ ಕಪ್ಪಿಟ್ಟ ಮುಖ, ಮುಳ್ಳು ಗೀರಿದ ಕಾಲು, ಹೆಗಲ ಮೇಲೆ ಉದ್ದನೆಯ ಟೇಪು. ಅಳೆಯಲು ಹೋದವರ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆಪಾಡಿಗಿಂತ ಹೊಟ್ಟೆಯುರಿಯೇ ಹೆಚ್ಚಾಗಿ ಆಕೆಯನ್ನು ಈ ಕೆಲಸಕ್ಕೆ ತಂದಿತ್ತು.

ಅಪ್ಪ ಬಿಟ್ಟುಹೋದದ್ದು ಹನ್ನೆರಡು ಎಕರೆ. ಅದರಲ್ಲಿ ನಾಲ್ಕು ಆಕೆಯ ಪಾಲು. ಅಪ್ಪ ತೀರಿದ ತಿಂಗಳಲ್ಲೇ ಅಣ್ಣ ಒಂದು ಕಾಗದ ತಂದು, ಪಂಪಿಗೆ ಕರೆಂಟು ಹಾಕಿಸಲು ಬೇಕು ಎಂದು ಸಹಿ ಮಾಡಿಸಿಕೊಂಡ. ಒಡಹುಟ್ಟಿದವನ ಮೇಲೆ ಯಾರು ಅನುಮಾನಪಡುತ್ತಾರೆ? ಆಕೆ ಓದದೆಯೇ ಗೀಚಿದಳು. ತನ್ನ ಪಾಲನ್ನೂ ಅಣ್ಣನೇ ಉಳಲಿ, ಸಹಾಯಧನವೂ ಅವನಿಗೇ ಸೇರಲಿ ಎಂಬ ಒಪ್ಪಿಗೆ ಅದು. ಎರಡು ವರ್ಷದ ಮೇಲೆ, ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅಣ್ಣನ ಹೆಸರಿನ ಮುಂದೆ ಹದಿನಾರು ಎಕರೆ ಎಂದಿತ್ತು. ತಂಗಿಯ ನಾಲ್ಕನ್ನು ನುಂಗಿದ್ದು ಸಾಲದೆ, ಇಲ್ಲದ ಇನ್ನೂ ನಾಲ್ಕನ್ನು ಹುಟ್ಟಿಸಿಕೊಂಡಿದ್ದ.

ಕೇಳಲು ಹೋದವಳನ್ನು ಅವನು ಒಳಗೂ ಕರೆಯಲಿಲ್ಲ. ಅತ್ತಿಗೆಯ ಎದುರೇ ನಕ್ಕ.

"ನಿನ್ನ ಹೊಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತಾನಾದ್ರೂ ಗೊತ್ತಾ ನಿಂಗೆ? ಹೋಗಿ ಒಲೆ ನೋಡ್ಕೋ."

ದೂರು ಕೊಡಬಹುದಿತ್ತು, ಆದರೆ ಆಗಿನ ಅಧಿಕಾರಿ ಅಣ್ಣನ ಜೇಬಿನಲ್ಲಿದ್ದ. ಆಕೆ ಹಲ್ಲು ಕಚ್ಚಿ, ಮೂವತ್ತೈದರ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಅಳತೆಯ ಪಾಠ ಕಲಿತಳು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದಳು.

ಕೆಲಸ ಸಿಕ್ಕಮೇಲೆ ಗೊತ್ತಾಯಿತು, ಅಳೆಯುವವರು ತಮ್ಮ ನೆಂಟರ ಹೊಲ ಅಳೆಯುವಂತಿಲ್ಲ. ಅಣ್ಣ ಇದನ್ನು ಊರೆಲ್ಲ ಹೇಳಿಕೊಂಡು ನಕ್ಕನಂತೆ. ಆಕೆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಅಣ್ಣನ ಹೊಲಕ್ಕೆ ಕಾಲಿಡಲಿಲ್ಲ. ಅದರ ಸುತ್ತಲಿದ್ದ ನಾಲ್ಕು ಹೊಲಗಳನ್ನು, ಸರದಿ ಬಂದ ಹಾಗೆ, ವರ್ಷಕ್ಕೊಂದರಂತೆ ಅಳೆದಳು. ಬದುವಿನ ಕೊನೆಯ ಕಲ್ಲಿನವರೆಗೆ, ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ. ನಾಲ್ಕನೆಯ ವರ್ಷ ಹೊಸ ಅಧಿಕಾರಿ ಬಂದು ನಕ್ಷೆಗಳನ್ನು ಜೋಡಿಸಿದಾಗ ನಡುವೆ ಉಳಿದದ್ದು ಹನ್ನೆರಡೇ ಎಕರೆ. ಒಂದು ಸುಳ್ಳು ಸಿಕ್ಕರೆ ಇಡೀ ಅರ್ಜಿ ರದ್ದು. ಪಡೆದದ್ದನ್ನೆಲ್ಲ ದಂಡ ಸಮೇತ ವಾಪಸು ಕಟ್ಟಬೇಕು.

ನೋಟಿಸು ಹಿಡಿದು ಅಣ್ಣ ಕಚೇರಿಗೇ ಬಂದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಒಂದು ಸಾಲು ತಿದ್ದಿಬಿಡು," ಎಂದ ತಗ್ಗಿದ ದನಿಯಲ್ಲಿ. "ಒಂದೇ ಹೊಟ್ಟೇಲಿ ಹುಟ್ಟಿದವರಲ್ವಾ ನಾವು?"

"ಸಹಿ ಹಾಕಿಸ್ಕೊಂಡಾಗ ಅದು ನೆನಪಿತ್ತಾ ಅಣ್ಣಾ?" ಆಕೆ ನಕ್ಷೆಯಿಂದ ತಲೆ ಎತ್ತಲಿಲ್ಲ. "ಸಾಲು ಬೇಕಾದ್ರೆ ದಂಡ ಕಟ್ಟೋ ಆ ಕಿಟಕಿ ಮುಂದಿದೆ. ಹೋಗಿ ನಿಂತ್ಕೋ."

ದಂಡ ಕಟ್ಟಲು ಅವನು ಟ್ರಾಕ್ಟರ್ ಮಾರಿದ. ಕೊಂಡವನು ಅದನ್ನು ಓಡಿಸಿಕೊಂಡು ಹೋಗುವ ದಿನ ಆಕೆ ಬೇಕೆಂದೇ ರಜೆ ಹಾಕಿ ರಸ್ತೆಯ ಅಂಚಿನಲ್ಲಿ ನಿಂತಳು. ಅತ್ತಿಗೆ ಬಾಗಿಲಲ್ಲಿ ನಿಂತು ಹಿಡಿಶಾಪ ಹಾಕಿದಳು. ಪಾಪ ಅನ್ನಿಸಬಹುದೇನೋ ಎಂದು ಆಕೆ ಒಂದು ಗಳಿಗೆ ಕಾದಳು. ಅನ್ನಿಸಲಿಲ್ಲ. ಮನೆಗೆ ಹೋಗಿ ಹೊಟ್ಟೆತುಂಬ ಉಂಡಳು.

ಅರ್ಜಿಯ ಜೊತೆಗೆ ಆಕೆ ಓದದೆ ಸಹಿ ಹಾಕಿದ್ದ ಆ ಒಪ್ಪಿಗೆಯೂ ಬಿದ್ದುಹೋಗಿತ್ತು. ಮರುವಾರ ಆಕೆ ತನ್ನ ನಾಲ್ಕು ಎಕರೆಗೆ ಮುಳ್ಳುತಂತಿ ಹಾಕಿಸಿದಳು. ಅಣ್ಣನ ಮನೆಯಿಂದ ರಸ್ತೆಗೆ ಹೋಗುವ ಅಡ್ಡದಾರಿ ಅದರೊಳಗೇ ಇತ್ತು. ಈಗ ಅವನು ಸುತ್ತು ಬಳಸಿ ಹೋಗುತ್ತಾನೆ.